ಬೆವರಿಗೂ ಒಂದು ಲೆಕ್ಕ: ಬ್ಯಾಸ್ಕೆಟ್‌ಬಾಲ್ ಆಟಗಾರರ ದೈಹಿಕ ಹೊರೆಯನ್ನು ಅಳೆಯುವ ಸಂವೇದಕಗಳು

ಬ್ಯಾಸ್ಕೆಟ್‌ಬಾಲ್ ಅಂಗಣ ಚಿಕ್ಕದು. ಫಿಬಾ ಎಂದೇ ಪರಿಚಿತವಾಗಿರುವ ಅಂತಾರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಅದರ ಉದ್ದ 28 ಮೀಟರ್, ಅಗಲ 15 ಮೀಟರ್. ಇಷ್ಟು ಜಾಗದಲ್ಲಿ ಹತ್ತು ಮಂದಿ ನಲವತ್ತು ನಿಮಿಷಗಳ ಕಾಲ ಓಡುತ್ತಾರೆ, ಜಿಗಿಯುತ್ತಾರೆ, ಥಟ್ಟನೆ ನಿಲ್ಲುತ್ತಾರೆ, ಮರುಕ್ಷಣವೇ ಇನ್ನೊಂದು ದಿಕ್ಕಿಗೆ ತಿರುಗುತ್ತಾರೆ. ಪಂದ್ಯ ಮುಗಿದಾಗ ಅಂಕಫಲಕದಲ್ಲಿ ಎಷ್ಟು ಅಂಕ, ಎಷ್ಟು ರಿಬೌಂಡ್, ಎಷ್ಟು ಫೌಲ್ ಎಂಬುದೆಲ್ಲ ದಾಖಲಾಗಿರುತ್ತದೆ. ಆದರೆ ಆ ಆಟಗಾರನ ಮಂಡಿ ಎಷ್ಟು ಪೆಟ್ಟು ತಿಂದಿತು, ಹೃದಯ ಎಷ್ಟು ದುಡಿಯಿತು, ನಾಳೆಯ ಅಭ್ಯಾಸಕ್ಕೆ ಅವನ ದೇಹ ಸಿದ್ಧವಾಗಿದೆಯೇ ಎಂಬುದಕ್ಕೆ ಅಂಕಫಲಕದಲ್ಲಿ ಉತ್ತರವಿಲ್ಲ.

ಈ ಉತ್ತರವನ್ನು ಹುಡುಕಲೆಂದೇ ಕಳೆದ ಎರಡು ದಶಕಗಳಲ್ಲಿ ಮೈಮೇಲೆ ಧರಿಸುವ ಪುಟ್ಟ ಸಂವೇದಕಗಳು ಆಟಗಾರರ ಉಡುಪಿನೊಳಗೆ ಸೇರಿಕೊಂಡಿವೆ. ಬೆನ್ನಿನ ಮೇಲ್ಭಾಗದಲ್ಲಿ, ಎದೆಯ ಸುತ್ತ, ಸೊಂಟದಲ್ಲಿ, ಬೆರಳಿನಲ್ಲಿ ಧರಿಸುವ ಈ ಉಪಕರಣಗಳು ಶ್ರಮವನ್ನು ಸಂಖ್ಯೆಯಾಗಿ ಪರಿವರ್ತಿಸುತ್ತವೆ. ಆ ಸಂಖ್ಯೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು, ಅವುಗಳ ಒಡೆತನ ಯಾರದು ಎಂಬ ಪ್ರಶ್ನೆಗಳು ಇಂದು ಕ್ರೀಡಾವಿಜ್ಞಾನದ ಪ್ರಯೋಗಾಲಯವನ್ನು ದಾಟಿ ಒಪ್ಪಂದ ಪತ್ರಗಳವರೆಗೂ ತಲುಪಿವೆ.

ಹೊರೆ ಎಂದರೇನು?

ಕ್ರೀಡಾವಿಜ್ಞಾನಿಗಳು ಆಟಗಾರನ ಮೇಲಿನ ಹೊರೆಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದು ಬಾಹ್ಯ ಹೊರೆ. ಆಟಗಾರ ಎಷ್ಟು ದೂರ ಓಡಿದ, ಎಷ್ಟು ಬಾರಿ ಜಿಗಿದ, ಎಷ್ಟು ಸಲ ವೇಗ ಹೆಚ್ಚಿಸಿದ ಅಥವಾ ತಗ್ಗಿಸಿದ ಎಂಬುದು ಇದರಲ್ಲಿ ಸೇರುತ್ತದೆ. ಎರಡನೆಯದು ಆಂತರಿಕ ಹೊರೆ. ಆ ಕೆಲಸಕ್ಕೆ ದೇಹ ತೆತ್ತ ಬೆಲೆಯೇ ಇದು. ಹೃದಯ ಬಡಿತ, ರಕ್ತದಲ್ಲಿನ ಲ್ಯಾಕ್ಟೇಟ್ ಪ್ರಮಾಣ, ಆಟಗಾರನಿಗೇ ಅನುಭವವಾಗುವ ದಣಿವು ಇವೆಲ್ಲ ಇದರ ಸೂಚಕಗಳು.

ಇವೆರಡರ ನಡುವಣ ವ್ಯತ್ಯಾಸ ಮಹತ್ವದ್ದು. ಒಂದೇ ಅಭ್ಯಾಸವನ್ನು ಒಟ್ಟಿಗೆ ಮಾಡಿದ ಇಬ್ಬರು ಆಟಗಾರರ ಬಾಹ್ಯ ಹೊರೆ ಸರಿಸಮಾನವಾಗಿರಬಹುದು. ಆದರೆ ಹಿಂದಿನ ರಾತ್ರಿ ನಿದ್ದೆಗೆಟ್ಟವನ, ಜ್ವರದಿಂದ ಆಗಷ್ಟೇ ಚೇತರಿಸಿಕೊಂಡವನ ಹೃದಯ ಅದೇ ಕೆಲಸಕ್ಕೆ ಹೆಚ್ಚು ಬಡಿದುಕೊಂಡಿರುತ್ತದೆ. ಬಾಹ್ಯ ಹೊರೆ ಬದಲಾಗದೆ ಆಂತರಿಕ ಹೊರೆ ಏರುತ್ತಿದ್ದರೆ ಅದು ದೇಹ ಬಳಲಿದೆ ಎಂಬ ಮುನ್ಸೂಚನೆ. ಆದ್ದರಿಂದಲೇ ಯಾವುದೇ ಒಂದು ಅಳತೆಯನ್ನು ನೆಚ್ಚಿಕೊಳ್ಳದೆ ಎರಡನ್ನೂ ಜೊತೆಗಿರಿಸಿ ನೋಡಬೇಕು ಎಂಬುದು ತಜ್ಞರ ಸಾಮಾನ್ಯ ಅಭಿಮತ.

ಕಣ್ಣಳತೆಯಿಂದ ಯಂತ್ರದಳತೆಗೆ

ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ರೂಪಿಸಿದಾಗ ಅದು ಚಳಿಗಾಲದಲ್ಲಿ ವಿದ್ಯಾರ್ಥಿಗಳಿಗೆ ಒಳಾಂಗಣದಲ್ಲಿ ವ್ಯಾಯಾಮ ಒದಗಿಸುವ ಸಾಧನವಾಗಿತ್ತು. ಮುಂದಿನ ನೂರು ವರ್ಷಗಳ ಕಾಲ ಆಟಗಾರನ ಶ್ರಮವನ್ನು ಅಳೆದದ್ದು ಬಹುಮಟ್ಟಿಗೆ ತರಬೇತುದಾರನ ಕಣ್ಣು ಮತ್ತು ಅನುಭವ.

ಈ ದಿಸೆಯಲ್ಲಿ 1995ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಮೈಲಿಗಲ್ಲು ಎನಿಸಿದೆ. ಎಸ್.ಇ. ಮೆಕಿನ್ನೆಸ್ ಮತ್ತು ಸಂಗಡಿಗರು ಆ ದೇಶದ ಎಂಟು ಮಂದಿ ಉನ್ನತ ದರ್ಜೆಯ ಆಟಗಾರರನ್ನು ಪಂದ್ಯದ ವೇಳೆ ವಿಡಿಯೊದಲ್ಲಿ ಚಿತ್ರೀಕರಿಸಿ, ಅವರ ಪ್ರತಿ ಚಲನೆಯನ್ನೂ ವರ್ಗೀಕರಿಸಿದರು. ಜೊತೆಗೆ ಹೃದಯ ಬಡಿತವನ್ನೂ ದಾಖಲಿಸಿಕೊಂಡರು. ಒಂದು ಪಂದ್ಯದಲ್ಲಿ ಒಬ್ಬ ಆಟಗಾರ ಸರಾಸರಿ ಒಂದು ಸಾವಿರದಷ್ಟು ಪ್ರತ್ಯೇಕ ಚಲನೆಗಳನ್ನು ಮಾಡುತ್ತಾನೆ, ಸುಮಾರು ಎರಡು ಸೆಕೆಂಡಿಗೊಮ್ಮೆ ಅವನ ಚಲನೆಯ ಸ್ವರೂಪ ಬದಲಾಗುತ್ತದೆ ಎಂಬುದು ಆಗ ಬೆಳಕಿಗೆ ಬಂತು. ಸರಾಸರಿ 46 ಜಿಗಿತಗಳು, 105 ತೀವ್ರಗತಿಯ ಓಟಗಳು ಲೆಕ್ಕಕ್ಕೆ ಸಿಕ್ಕವು. ಆಟ ನಡೆಯುತ್ತಿದ್ದ ಅವಧಿಯಲ್ಲಿ ಹೃದಯ ನಿಮಿಷಕ್ಕೆ ಸರಾಸರಿ 169 ಬಾರಿ ಬಡಿಯುತ್ತಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ದೇಹ ದಣಿಯುವುದು ಓಡಿದ ದೂರದಿಂದಷ್ಟೇ ಅಲ್ಲ, ಮತ್ತೆ ಮತ್ತೆ ನಿಂತು ಹೊರಡುವುದರಿಂದ ಎಂಬ ಅರಿವು ಇಲ್ಲಿಂದ ಗಟ್ಟಿಯಾಯಿತು.

ಐದು ವರ್ಷಗಳ ಬಳಿಕ ಆಟದ ನಿಯಮವೇ ಬದಲಾಯಿತು. ದಾಳಿ ನಡೆಸುವ ತಂಡ ಬುಟ್ಟಿಯತ್ತ ಚೆಂಡೆಸೆಯಲು ಇದ್ದ 30 ಸೆಕೆಂಡುಗಳ ಅವಧಿಯನ್ನು ಫಿಬಾ 2000ದಲ್ಲಿ 24 ಸೆಕೆಂಡುಗಳಿಗೆ ಇಳಿಸಿತು. ಆಟ ಇನ್ನಷ್ಟು ಬಿರುಸಾಯಿತು. ಹೀಗಿರುವಾಗ ವಿಡಿಯೊ ನೋಡುತ್ತ ಕೈಯಿಂದ ಎಣಿಸುವ ಕ್ರಮ ದಿನನಿತ್ಯದ ಬಳಕೆಗೆ ಒಗ್ಗುವಂತಿರಲಿಲ್ಲ. ಒಂದು ಪಂದ್ಯದ ಲೆಕ್ಕ ಕೈಸೇರುವಷ್ಟರಲ್ಲಿ ಮುಂದಿನ ಪಂದ್ಯವೇ ಮುಗಿದಿರುತ್ತಿತ್ತು.

ಉಪಕರಣದ ಒಳಗೇನಿದೆ?

ಈ ಕೊರತೆಯನ್ನು ತುಂಬಿದ್ದು ಸಿಲಿಕಾನ್ ಚಿಪ್‌ನಲ್ಲಿ ಅಡಕವಾಗುವ ಸೂಕ್ಷ್ಮ ಯಂತ್ರಗಳು. ಮೊಬೈಲ್ ಫೋನನ್ನು ಅಡ್ಡ ಹಿಡಿದಾಗ ಪರದೆಯೂ ಅಡ್ಡಕ್ಕೆ ತಿರುಗುವುದು ಯಾವ ಸಾಧನದಿಂದಲೋ ಅದೇ ಜಾತಿಯ ವೇಗೋತ್ಕರ್ಷಮಾಪಕ, ಅಂದರೆ ಆಕ್ಸೆಲೆರೋಮೀಟರ್, ಇಲ್ಲಿಯೂ ಹೃದಯಸ್ಥಾನದಲ್ಲಿದೆ. ಇದು ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ ಎಂಬ ಮೂರು ಅಕ್ಷಗಳಲ್ಲಿ ವೇಗದ ಏರಿಳಿತವನ್ನು ಗ್ರಹಿಸುತ್ತದೆ. ದೇಹದ ತಿರುಗುವಿಕೆಯನ್ನು ಗೈರೋಸ್ಕೋಪ್ ಅಳೆಯುತ್ತದೆ. ಯಾವ ದಿಕ್ಕಿಗೆ ಮುಖಮಾಡಿದ್ದಾನೆ ಎಂಬುದನ್ನು ಭೂಕಾಂತತ್ವದ ನೆರವಿನಿಂದ ಮ್ಯಾಗ್ನೆಟೋಮೀಟರ್ ತಿಳಿಸುತ್ತದೆ. ಬೆಂಕಿಪೊಟ್ಟಣದಷ್ಟು ಗಾತ್ರದ ಪೆಟ್ಟಿಗೆಯಲ್ಲಿ ಇವೆಲ್ಲವನ್ನೂ ಇರಿಸಿ, ಬಿಗಿಯಾದ ಒಳಅಂಗಿಯ ಚೀಲದಲ್ಲಿ ಎರಡು ಹೆಗಲೆಲುಬುಗಳ ನಡುವೆ ಕೂರಿಸಲಾಗುತ್ತದೆ.

ಈ ಕ್ಷೇತ್ರದಲ್ಲಿ ಹೆಸರಾದ ಕ್ಯಾಟಪಲ್ಟ್ ಕಂಪೆನಿ 2006ರಲ್ಲಿ ಮೆಲ್ಬರ್ನ್‌ನಲ್ಲಿ ಆರಂಭವಾಯಿತು. ಅದರ ಬೇರುಗಳಿರುವುದು ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಸಂಶೋಧನೆಗಳಲ್ಲಿ. ಈ ಕಂಪೆನಿಯ 'ಪ್ಲೇಯರ್‌ಲೋಡ್' ಎಂಬ ಅಳತೆ ಬ್ಯಾಸ್ಕೆಟ್‌ಬಾಲ್ ಅಧ್ಯಯನಗಳಲ್ಲಿ ಪದೇ ಪದೇ ಕಾಣಸಿಗುತ್ತದೆ. ಇದರ ತತ್ತ್ವ ಸರಳ. ಸಂವೇದಕ ಸೆಕೆಂಡಿಗೆ ನೂರು ಬಾರಿ ವೇಗೋತ್ಕರ್ಷವನ್ನು ಓದಿಕೊಳ್ಳುತ್ತದೆ. ಒಂದು ಓದಿಗೂ ಅದರ ಹಿಂದಿನ ಓದಿಗೂ ಇರುವ ಅಂತರವನ್ನು ಮೂರೂ ಅಕ್ಷಗಳಲ್ಲಿ ಕಂಡುಹಿಡಿದು, ಅವುಗಳ ವರ್ಗಗಳನ್ನು ಕೂಡಿಸಿ, ಬಂದ ಮೊತ್ತದ ವರ್ಗಮೂಲ ತೆಗೆಯಲಾಗುತ್ತದೆ. ಇಂಥ ಸಾವಿರಾರು ಪುಟ್ಟ ಮೊತ್ತಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದರೆ ಇಡೀ ಪಂದ್ಯದ ಹೊರೆ ಒಂದು ಸಂಖ್ಯೆಯಾಗಿ ದೊರೆಯುತ್ತದೆ.

ಈ ಸಂಖ್ಯೆಗೆ ಕಿಲೋಗ್ರಾಂ, ಮೀಟರ್‌ಗಳಂಥ ಸಹಜ ಮಾನವಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಕಂಪೆನಿಯ ಉಪಕರಣ ಕೊಟ್ಟ 500ನ್ನು ಇನ್ನೊಂದು ಕಂಪೆನಿಯ 500ಕ್ಕೆ ಹೋಲಿಸುವಂತಿಲ್ಲ. ನಿನ್ನೆಯ ತನ್ನೊಡನೆ ಇಂದಿನ ತನ್ನನ್ನು ಹೋಲಿಸಿಕೊಳ್ಳಲು ಮಾತ್ರ ಅದು ಯೋಗ್ಯ.

ಛಾವಣಿಯ ಕೆಳಗೆ ಉಪಗ್ರಹ ಕಾಣದು

ಫುಟ್‌ಬಾಲ್, ಹಾಕಿ, ರಗ್ಬಿ ಆಟಗಾರರ ಬೆನ್ನಿನ ಉಪಕರಣಗಳು ಉಪಗ್ರಹ ಆಧಾರಿತ ಜಿಪಿಎಸ್ ಮೂಲಕ ದೂರ ಮತ್ತು ವೇಗವನ್ನು ತಿಳಿಸುತ್ತವೆ. ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಪಂದ್ಯಗಳು ನಡೆಯುವುದು ಒಳಾಂಗಣದಲ್ಲಿ. ಕಾಂಕ್ರೀಟು, ಉಕ್ಕಿನ ಛಾವಣಿಯನ್ನು ಭೇದಿಸಿ ಉಪಗ್ರಹದ ಕ್ಷೀಣ ಸಂಕೇತ ಒಳಬರಲಾರದು. ಅಂಗಣ ಬಯಲಲ್ಲಿದ್ದರೂ ತೊಡಕು ತಪ್ಪಿದ್ದಲ್ಲ. ಎರಡು ಮೂರು ಹೆಜ್ಜೆಗಳಲ್ಲಿ ಮುಗಿದುಹೋಗುವ ಚಲನೆಯನ್ನು ಮೀಟರುಗಳ ಲೆಕ್ಕದಲ್ಲಿ ತಪ್ಪಬಹುದಾದ ಸಾಧನದಿಂದ ಅಳೆಯುವುದು ಗಜಕಡ್ಡಿಯಿಂದ ಸಾಸಿವೆ ಅಳೆದಂತೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಸ್ಥಳೀಯ ಸ್ಥಾನನಿರ್ಣಯ ವ್ಯವಸ್ಥೆ. ಅಂಗಣದ ಸುತ್ತಲೂ ಎತ್ತರದಲ್ಲಿ ಗ್ರಾಹಕಗಳನ್ನು ಅಳವಡಿಸಿ, ಆಟಗಾರನ ಮೈಮೇಲಿನ ಬಿಲ್ಲೆಯಿಂದ 'ಅಲ್ಟ್ರಾ-ವೈಡ್‌ಬ್ಯಾಂಡ್' ರೇಡಿಯೊ ಸ್ಪಂದನಗಳನ್ನು ಹೊರಡಿಸಲಾಗುತ್ತದೆ. ಬೇರೆ ಬೇರೆ ಗ್ರಾಹಕಗಳಿಗೆ ಸ್ಪಂದನ ತಲುಪುವ ಕಾಲದ ಅತ್ಯಲ್ಪ ವ್ಯತ್ಯಾಸದಿಂದ ಆಟಗಾರನ ಸ್ಥಾನವನ್ನು ಸೆಂಟಿಮೀಟರುಗಳ ಲೆಕ್ಕದಲ್ಲಿ ಗುರುತಿಸಬಹುದು. ಜರ್ಮನಿಯ ಮ್ಯೂನಿಕ್‌ನಲ್ಲಿ 2012ರಲ್ಲಿ ಸ್ಥಾಪನೆಯಾದ ಕಿನೆಕ್ಸಾನ್ ಈ ತಂತ್ರಜ್ಞಾನಕ್ಕೆ ಹೆಸರುವಾಸಿ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಇದೇ ಕಂಪೆನಿಯ ಬಿಲ್ಲೆಗಳನ್ನು ಯಾರು ಯಾರ ಸಮೀಪ ಎಷ್ಟು ಹೊತ್ತು ಇದ್ದರು ಎಂಬುದನ್ನು ಪತ್ತೆಹಚ್ಚಲು ಅಮೆರಿಕದ ಲೀಗ್‌ಗಳು ಬಳಸಿಕೊಂಡದ್ದುಂಟು.

ಮೈಗೆ ಏನನ್ನೂ ಅಂಟಿಸದೆ ಚಲನೆಯನ್ನು ಅಳೆಯುವ ಮಾರ್ಗ ಕ್ಯಾಮೆರಾಗಳದ್ದು. ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಎನ್‌ಬಿಎ 2013-14ರ ಋತುವಿನಿಂದ ತನ್ನ ಎಲ್ಲ ಕ್ರೀಡಾಂಗಣಗಳಲ್ಲೂ 'ಸ್ಪೋರ್ಟ್‌ವಿಯು' ಕ್ಯಾಮೆರಾಗಳನ್ನು ಅಳವಡಿಸಿತು. ಅವು ಸೆಕೆಂಡಿಗೆ 25 ಬಾರಿ ಆಟಗಾರರ ಮತ್ತು ಚೆಂಡಿನ ಸ್ಥಾನವನ್ನು ಗುರುತಿಸುತ್ತಿದ್ದವು. ನಂತರ 2017-18ರಲ್ಲಿ ಸೆಕೆಂಡ್ ಸ್ಪೆಕ್ಟ್ರಮ್, 2023-24ರಲ್ಲಿ ಸೋನಿ ಒಡೆತನದ ಹಾಕ್-ಐ ಆ ಸ್ಥಾನಕ್ಕೆ ಬಂದವು. ಹಾಕ್-ಐ ಆಟಗಾರನ ಕೀಲುಗಳ ಚಲನೆಯನ್ನೂ ಮೂರು ಆಯಾಮಗಳಲ್ಲಿ ಹಿಂಬಾಲಿಸುತ್ತದೆ. ಆದರೆ ಕ್ಯಾಮೆರಾ ಎಷ್ಟೇ ಚುರುಕಾಗಿರಲಿ, ಅದು ಬಾಹ್ಯ ಹೊರೆಯನ್ನಷ್ಟೇ ಕಾಣಬಲ್ಲದು. ಚರ್ಮದ ಒಳಗೆ ನಡೆಯುವುದು ಅದರ ಕಣ್ಣಿಗೆ ಬೀಳದು.

ಹೃದಯ, ಮಂಡಿ ಮತ್ತು ನಿದ್ರೆ

ಒಳಗಿನ ಸುದ್ದಿಯನ್ನು ತಿಳಿಸುವ ಸಾಧನಗಳಲ್ಲಿ ಎದೆಪಟ್ಟಿಯೇ ಹಿರಿಯದು. ಫಿನ್ಲೆಂಡ್‌ನ ಪೋಲಾರ್ ಕಂಪೆನಿ 1980ರ ದಶಕದ ಆರಂಭದಲ್ಲಿಯೇ ತಂತಿರಹಿತ ಹೃದಯ ಬಡಿತ ಮಾಪಕವನ್ನು ಮಾರುಕಟ್ಟೆಗೆ ತಂದಿತ್ತು. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಗ್ರಹಿಸುವುದರಿಂದ ಹೆಚ್ಚು ನಂಬಲರ್ಹ. ಮಣಿಕಟ್ಟಿನ ಸಾಧನಗಳು ಚರ್ಮದ ಮೇಲೆ ಬೆಳಕು ಹಾಯಿಸಿ ರಕ್ತದ ಹರಿವನ್ನು ಅಂದಾಜಿಸುತ್ತವೆ. ಕೈ ಸದಾ ಬೀಸುವ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವು ಎಡವುವುದು ಹೆಚ್ಚು.

ಹೃದಯ ಬಡಿತಕ್ಕೂ ಒಂದು ಮಿತಿಯಿದೆ. ಶ್ರಮ ಹೆಚ್ಚಿದ ಒಡನೆಯೇ ಅದು ಏರುವುದಿಲ್ಲ, ಕೆಲವು ಸೆಕೆಂಡು ತಡವಾಗಿ ಏರುತ್ತದೆ. ಎರಡು ಸೆಕೆಂಡಿನ ಸಿಡಿಲೋಟ, ಒಂದು ಜಿಗಿತ, ಒಂದು ತಿರುವು ಇವು ಬಡಿತದ ಗೆರೆಯಲ್ಲಿ ಕರಗಿಹೋಗುತ್ತವೆ. ಅಲ್ಲದೆ ಬಡಿತದ ಅರ್ಥ ಆಯಾ ವ್ಯಕ್ತಿಗೆ ಸೀಮಿತ. ನಿಮಿಷಕ್ಕೆ 200 ಗರಿಷ್ಠ ಬಡಿತವುಳ್ಳವನಿಗೆ 171 ಎಂಬುದು ಶೇ. 85.5ರಷ್ಟು ಶ್ರಮ, 180 ಗರಿಷ್ಠವುಳ್ಳವನಿಗೆ ಅದೇ ಶೇ. 95ರಷ್ಟಾಗುತ್ತದೆ.

ಜಿಗಿತಗಳ ಎಣಿಕೆಗೆ ಸೊಂಟದ ಪಟ್ಟಿಯಲ್ಲಿ ಕೂರುವ ಸಂವೇದಕಗಳಿವೆ. ಇವು ಜಿಗಿತಗಳ ಸಂಖ್ಯೆ ಮತ್ತು ಎತ್ತರ ಎರಡನ್ನೂ ತಿಳಿಸುತ್ತವೆ. ಈ ಎಣಿಕೆ ಕೇವಲ ಕುತೂಹಲದ ವಿಷಯವಲ್ಲ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಪದೇ ಪದೇ ಜಿಗಿದು ಇಳಿಯುವುದರಿಂದ ಸವೆದು ನೋವು ಕಾಣಿಸಿಕೊಳ್ಳುವುದನ್ನು 'ಜಂಪರ್ಸ್ ನೀ' ಎನ್ನುತ್ತಾರೆ. ನಾರ್ವೆಯ ಅಗ್ರಮಾನ್ಯ ಕ್ರೀಡಾಪಟುಗಳ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರ ಪೈಕಿ ಶೇ. 32ರಷ್ಟು ಮಂದಿ ಈ ನೋವಿನಿಂದ ಬಳಲುತ್ತಿದ್ದರು. ಇದನ್ನು ಮೀರಿಸಿದ್ದು ವಾಲಿಬಾಲ್ ಮಾತ್ರ.

ಅಂಗಣದಾಚೆಯ ಬದುಕೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೆರಿ ಮಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹನ್ನೊಂದು ಮಂದಿ ಬ್ಯಾಸ್ಕೆಟ್‌ಬಾಲ್ ಆಟಗಾರರು ಐದರಿಂದ ಏಳು ವಾರಗಳ ಕಾಲ ಸಾಧ್ಯವಾದಷ್ಟು ಹೆಚ್ಚು ನಿದ್ರಿಸಿದರು. ನಿದ್ರೆಯ ಅವಧಿಯನ್ನು ಧರಿಸುವ ಚಲನಮಾಪಕದಿಂದಲೇ ದಾಖಲಿಸಲಾಯಿತು. ಆ ಅವಧಿಯ ಕೊನೆಯಲ್ಲಿ ಅವರ ನಿಗದಿತ ಓಟದ ಸಮಯ 16.2 ಸೆಕೆಂಡಿನಿಂದ 15.5 ಸೆಕೆಂಡಿಗೆ ಇಳಿದಿತ್ತು. ಫ್ರೀ ಥ್ರೋ ನಿಖರತೆ ಶೇ. 9ರಷ್ಟು ಹೆಚ್ಚಿತ್ತು. ಹೋಲಿಕೆಗೆ ಇನ್ನೊಂದು ಗುಂಪು ಇರದಿದ್ದ ಸಣ್ಣ ಅಧ್ಯಯನ ಇದಾದರೂ, ನಿದ್ರೆಯನ್ನು ತರಬೇತಿಯ ಭಾಗವೆಂದೇ ಪರಿಗಣಿಸುವಂತೆ ಮಾಡಿದ ಕೀರ್ತಿ ಇದಕ್ಕೆ ಸಲ್ಲುತ್ತದೆ.

ಕಾಸಿಲ್ಲದ ಮಾಪಕ

ಇಷ್ಟೆಲ್ಲ ಸಾಧನಗಳ ನಡುವೆಯೂ ಬಹುಪಾಲು ತಜ್ಞರು ಕೈಬಿಡದ ಮಾಪಕವೊಂದಿದೆ. ಅದಕ್ಕೆ ಬ್ಯಾಟರಿ ಬೇಡ, ಚಿಪ್ ಬೇಡ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮಾನುಭವದ ಮಾಪನವನ್ನು ಆಧರಿಸಿ ಅಮೆರಿಕದ ಕಾರ್ಲ್ ಫಾಸ್ಟರ್ ಇದನ್ನು ಬಳಕೆಗೆ ತಂದರು. ಅಭ್ಯಾಸ ಮುಗಿದು ಸುಮಾರು ಅರ್ಧ ಗಂಟೆಯ ಬಳಿಕ ಆಟಗಾರನಿಗೆ ಕೇಳುವುದು ಒಂದೇ ಪ್ರಶ್ನೆ: ಇಂದಿನ ಅಭ್ಯಾಸ ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಎಷ್ಟು ಕಠಿಣವಾಗಿತ್ತು? ಅವನು ಹೇಳಿದ ಸಂಖ್ಯೆಯನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ಆ ದಿನದ ಹೊರೆ ಸಿದ್ಧ. 90 ನಿಮಿಷದ ಅಭ್ಯಾಸಕ್ಕೆ 6 ಎಂದರೆ 540; 45 ನಿಮಿಷದ ಅಭ್ಯಾಸಕ್ಕೆ 8 ಎಂದರೆ 360.

ಈ ಸರಳ ಲೆಕ್ಕ ಮತ್ತು ಸಂವೇದಕದ ಲೆಕ್ಕ ಹೋಲುತ್ತವೆಯೇ? ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಇವೆರಡರ ನಡುವೆ ನಂಟಿರುವುದನ್ನು ಸಂಶೋಧನೆಗಳು ತೋರಿಸಿವೆ, ಆದರೆ ಅದು ಪೂರ್ಣ ಹೊಂದಾಣಿಕೆಯಲ್ಲ. ಇದು ದೋಷವಲ್ಲ. ಒಂದು ದೇಹ ಮಾಡಿದ ಕೆಲಸವನ್ನು ಹೇಳುತ್ತದೆ, ಮತ್ತೊಂದು ಆ ಕೆಲಸ ಆಟಗಾರನಿಗೆ ಹೇಗೆ ತಟ್ಟಿತು ಎಂಬುದನ್ನು ಹೇಳುತ್ತದೆ. ಇವೆರಡೂ ಬೇರೆ ಬೇರೆ ದಾರಿ ಹಿಡಿದ ದಿನವೇ ತರಬೇತುದಾರ ಎಚ್ಚೆತ್ತುಕೊಳ್ಳಬೇಕಾದ ದಿನ.

ಅನುಪಾತದ ಆಕರ್ಷಣೆ

ಸಂಖ್ಯೆಗಳು ಕೈಸೇರಿದ ಮೇಲೆ ಅವುಗಳಿಂದ ಗಾಯದ ಮುನ್ಸೂಚನೆ ಪಡೆಯಬಹುದೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಆಸ್ಟ್ರೇಲಿಯಾದ ಸಂಶೋಧಕ ಟಿಮ್ ಗ್ಯಾಬೆಟ್ 2016ರಲ್ಲಿ ಪ್ರಕಟಿಸಿದ ಲೇಖನ ಈ ಚರ್ಚೆಗೆ ಹೊಸ ತಿರುವು ನೀಡಿತು. ಆಟಗಾರನಿಗೆ ಗಾಯವಾಗುವುದು ಹೆಚ್ಚು ದುಡಿದದ್ದರಿಂದ ಎನ್ನುವುದಕ್ಕಿಂತ, ಅಭ್ಯಾಸವಿಲ್ಲದಷ್ಟು ಹೊರೆಯನ್ನು ಹಠಾತ್ತನೆ ಹೊತ್ತದ್ದರಿಂದ ಎಂಬುದು ಅವರ ವಾದದ ತಿರುಳು. ಈ ವಾರದ ಹೊರೆಯನ್ನು ಕಳೆದ ನಾಲ್ಕು ವಾರಗಳ ಸರಾಸರಿಯಿಂದ ಭಾಗಿಸಿದಾಗ ಬರುವ ಅನುಪಾತ 0.8ರಿಂದ 1.3ರ ನಡುವೆ ಇದ್ದರೆ ಅಪಾಯ ಕಡಿಮೆ, 1.5 ದಾಟಿದರೆ ಹೆಚ್ಚು ಎಂದು ಅವರು ಸೂಚಿಸಿದರು.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಬ್ಬ ಆಟಗಾರ್ತಿಯ ನಾಲ್ಕು ವಾರಗಳ ಹೊರೆ ಕ್ರಮವಾಗಿ 1400, 1500, 1500, 1600 ಎಂದಿರಲಿ. ಸರಾಸರಿ 1500, ಕೊನೆಯ ವಾರದ ಅನುಪಾತ 1.07. ಇನ್ನೊಬ್ಬಳು ಪರೀಕ್ಷೆ, ಜ್ವರಗಳ ಕಾರಣದಿಂದ ಅಭ್ಯಾಸ ತಪ್ಪಿಸಿಕೊಂಡು 400, 500, 700ರ ಬಳಿಕ ಒಮ್ಮೆಲೇ 1600ಕ್ಕೆ ಜಿಗಿದಳು ಎನ್ನೋಣ. ಸರಾಸರಿ 800, ಅನುಪಾತ 2. ಕೊನೆಯ ವಾರದಲ್ಲಿ ಇಬ್ಬರೂ ಮಾಡಿದ ಕೆಲಸ ಒಂದೇ. ಒಬ್ಬಳಿಗೆ ಅದು ದಿನಚರಿ, ಇನ್ನೊಬ್ಬಳಿಗೆ ಆಘಾತ.

ಈ ಅನುಪಾತ ಜಗತ್ತಿನಾದ್ಯಂತ ಜನಪ್ರಿಯವಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಆಕ್ಷೇಪಗಳೂ ಬಂದವು. ಈ ವಾರದ ಹೊರೆ ಅಂಶದಲ್ಲೂ ಛೇದದಲ್ಲೂ ಇರುವುದರಿಂದ ಗಣಿತವೇ ಹುಸಿ ನಂಟನ್ನು ಸೃಷ್ಟಿಸಬಹುದು ಎಂದು ಸಂಖ್ಯಾಶಾಸ್ತ್ರ ಬಲ್ಲವರು ತೋರಿಸಿಕೊಟ್ಟರು. ಫ್ರಾಂಕೊ ಇಂಪೆಲ್ಲಿಜ್ಜೆರಿ ಮತ್ತು ಸಂಗಡಿಗರು 2020ರ ಸುಮಾರಿಗೆ, ಗಾಯವನ್ನು ಮುಂಗಾಣಲು ಇದನ್ನು ಬಳಸುವುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಬಲವಾಗಿ ವಾದಿಸಿದರು. ಹೊರೆಯನ್ನು ಹಠಾತ್ತನೆ ಏರಿಸಬಾರದು ಎಂಬ ವಿವೇಕ ಉಳಿದಿದೆ; 1.5 ಎಂಬ ಗೆರೆಯನ್ನು ಲಕ್ಷ್ಮಣರೇಖೆ ಎಂದು ಭಾವಿಸುವ ಕಾಲ ಮುಗಿದಿದೆ.

ಸಂವೇದಕ ಕಾಣದ ಶ್ರಮ

ಬುಟ್ಟಿಯ ಸಮೀಪ ಇಬ್ಬರು ದಢೂತಿ ಆಟಗಾರರು ಒಬ್ಬರನ್ನೊಬ್ಬರು ಬೆನ್ನಿನಿಂದ ತಳ್ಳುತ್ತ ಜಾಗಕ್ಕಾಗಿ ಸೆಣಸುವುದನ್ನು ನೋಡಿದವರಿಗೆ ಅದರ ಶ್ರಮ ಗೊತ್ತು. ಆದರೆ ಇಬ್ಬರೂ ಇದ್ದಲ್ಲೇ ಇರುವುದರಿಂದ ವೇಗೋತ್ಕರ್ಷಮಾಪಕಕ್ಕೆ ಅದು ಬಹುಮಟ್ಟಿಗೆ ವಿಶ್ರಾಂತಿಯಂತೆಯೇ ತೋರುತ್ತದೆ. ಹೆಚ್ಚು ಓಡಾಡುವ ಗಾರ್ಡ್ ಆಟಗಾರನ ಲೆಕ್ಕ ಹಿಗ್ಗುತ್ತದೆ, ಕಂಬದಂತೆ ನಿಂತು ಸೆಣಸುವ ಸೆಂಟರ್ ಆಟಗಾರನ ಲೆಕ್ಕ ಕುಗ್ಗುತ್ತದೆ. ಬೆನ್ನಿನ ಮೇಲಿನ ಸಾಧನ ಪಾದಕ್ಕೆ ಬಿದ್ದ ಪೆಟ್ಟನ್ನು ನೇರವಾಗಿ ಅಳೆಯುವುದೂ ಇಲ್ಲ. ಪಾದ, ಮಂಡಿ, ಸೊಂಟಗಳು ಅದನ್ನು ಹೀರಿಕೊಂಡ ಬಳಿಕ ಉಳಿದದ್ದಷ್ಟೇ ಅದಕ್ಕೆ ತಲುಪುತ್ತದೆ.

ಅಭ್ಯಾಸ ಮತ್ತು ಪಂದ್ಯದ ನಡುವಣ ಅಂತರವೂ ಗಮನಾರ್ಹ. ಆಸ್ಟ್ರೇಲಿಯಾದ ಕಿರಿಯ ಆಟಗಾರರ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಐದೈದು ಮಂದಿಯ ಅಭ್ಯಾಸ ಪಂದ್ಯಕ್ಕಿಂತ ನಿಜವಾದ ಪಂದ್ಯದಲ್ಲಿ ದೈಹಿಕ ಹೊರೆ ಮತ್ತು ಹೃದಯ ಬಡಿತ ಎರಡೂ ಹೆಚ್ಚಿರುವುದನ್ನು ದಾಖಲಿಸಿತು. ಅಭ್ಯಾಸದಲ್ಲಿ ಮಾತ್ರ ಸಂವೇದಕ ತೊಟ್ಟು ಪಂದ್ಯದಲ್ಲಿ ಕಳಚಿಟ್ಟರೆ, ಅತಿ ಭಾರದ ದಿನದ ಪುಟವೇ ಖಾಲಿ ಉಳಿದಂತಾಗುತ್ತದೆ.

ವಿಶ್ರಾಂತಿಯ ವಿವಾದ

ಹೊರೆಯ ಲೆಕ್ಕ ಆಟಗಾರನನ್ನು ಬೆಂಚಿನಲ್ಲಿ ಕೂರಿಸುವ ನಿರ್ಧಾರಕ್ಕೆ ಆಧಾರವಾದಾಗ ಪ್ರೇಕ್ಷಕರ ಅಸಮಾಧಾನವೂ ಎದುರಾಗುತ್ತದೆ. ಎನ್‌ಬಿಎ ತಂಡಗಳು ಒಂದು ಋತುವಿನಲ್ಲಿ 82 ಲೀಗ್ ಪಂದ್ಯಗಳನ್ನು ಆಡುತ್ತವೆ. 2012ರ ನವೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಮಯಾಮಿ ವಿರುದ್ಧದ ಪಂದ್ಯಕ್ಕೆ ಮುನ್ನ ಟಿಮ್ ಡಂಕನ್ ಸೇರಿದಂತೆ ಪ್ರಮುಖ ಆಟಗಾರರನ್ನು ಮನೆಗೆ ಕಳುಹಿಸಿದಾಗ ಲೀಗ್ ಎರಡೂವರೆ ಲಕ್ಷ ಡಾಲರ್ ದಂಡ ವಿಧಿಸಿತ್ತು. ಮತ್ತೊಂದೆಡೆ, 2018-19ರಲ್ಲಿ ಟೊರೊಂಟೊ ರ‍್ಯಾಪ್ಟರ್ಸ್ ತಂಡ ಕಾವಾಯ್ ಲೆನಾರ್ಡ್ ಅವರನ್ನು 82ರ ಪೈಕಿ 60 ಪಂದ್ಯಗಳಲ್ಲಷ್ಟೇ ಆಡಿಸಿ, ಕೊನೆಗೆ ಪ್ರಶಸ್ತಿಯನ್ನೇ ಗೆದ್ದಿತು. ಫೈನಲ್ಸ್‌ನ ಶ್ರೇಷ್ಠ ಆಟಗಾರ ಗೌರವವೂ ಅವರಿಗೇ ಒಲಿಯಿತು.

ಇದಾದ ಬಳಿಕ 'ಲೋಡ್ ಮ್ಯಾನೇಜ್‌ಮೆಂಟ್' ಎಂಬ ಮಾತು ಮನೆಮಾತಾಯಿತು. ತಾರೆಯನ್ನು ನೋಡಲು ಹಣ ತೆತ್ತು ಬಂದವರ ದೂರುಗಳ ನಡುವೆ ಲೀಗ್ 2023-24ರಿಂದ ಪ್ರಮುಖ ವೈಯಕ್ತಿಕ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯಗಳ ಷರತ್ತು ವಿಧಿಸಿತು. ಪಂದ್ಯ ತಪ್ಪಿಸಿ ವಿಶ್ರಾಂತಿ ಪಡೆಯುವುದರಿಂದ ಆ ಋತುವಿನಲ್ಲಿ ಮುಂದೆ ಗಾಯದ ಅಪಾಯ ತಗ್ಗುತ್ತದೆ ಎಂಬುದಕ್ಕೆ ತನ್ನ ದತ್ತಾಂಶಗಳಲ್ಲಿ ಪುರಾವೆ ಕಾಣಲಿಲ್ಲವೆಂದು 2024ರ ಜನವರಿಯಲ್ಲಿ ಲೀಗ್ ಹೊರಗೆಡಹಿದ ವರದಿ ಹೇಳಿತು. ಆದರೆ ವಿಶ್ರಾಂತಿ ಪಡೆಯುವವರಲ್ಲಿ ಅನೇಕರು ಮೊದಲೇ ನೋವು, ವಯಸ್ಸುಗಳ ಭಾರ ಹೊತ್ತವರು ಎಂಬುದನ್ನು ಮರೆಯುವಂತಿಲ್ಲ. ಅವರು ವಿಶ್ರಾಂತಿ ಪಡೆಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾವ ದತ್ತಾಂಶವೂ ನೇರವಾಗಿ ತೋರಿಸಲಾರದು.

ಅಂಕಿಗಳ ಒಡೆಯ ಯಾರು?

ವಿಷಯದ ಅತಿ ಸೂಕ್ಷ್ಮ ಭಾಗ ಇದು. ಆಟಗಾರನ ಹೃದಯ, ಮಂಡಿ, ನಿದ್ರೆಗಳ ಮಾಹಿತಿ ತಂಡದ ಆಡಳಿತದ ಮೇಜಿಗೆ ತಲುಪಿದರೆ ಅದು ಅವನ ರಕ್ಷಣೆಗಷ್ಟೇ ಬಳಕೆಯಾಗುತ್ತದೆಯೇ ಅಥವಾ ಮುಂದಿನ ಸಂಬಳದ ಮಾತುಕತೆಯಲ್ಲಿ ಅವನ ವಿರುದ್ಧವೇ ತಿರುಗುತ್ತದೆಯೇ? ತಂಡದ ಕಣ್ಣಿಗೆ 'ವೇಗ ತಗ್ಗುತ್ತಿದೆ' ಎಂಬ ಒಂದು ಗೆರೆ ಆಟಗಾರನಿಗೆ ಅನ್ನದ ಪ್ರಶ್ನೆ.

ಎನ್‌ಬಿಎಯ ಕಿರಿಯ ಲೀಗ್ ಆಗಿದ್ದ ಡಿ-ಲೀಗ್‌ನಲ್ಲಿ 2014ರಲ್ಲಿ ಕೆಲವು ತಂಡಗಳು ಪಂದ್ಯದ ವೇಳೆಯೇ ಸಂವೇದಕಗಳನ್ನು ಪ್ರಯೋಗಿಸಿದ್ದವು. ಹಿರಿಯ ಲೀಗ್‌ನಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಕ್ಲೀವ್‌ಲ್ಯಾಂಡ್ ತಂಡದ ಮ್ಯಾಥ್ಯೂ ಡೆಲ್ಲಾವೆಡೋವಾ ಮಣಿಕಟ್ಟಿನಲ್ಲಿ ಹೃದಯ ಬಡಿತ ಅಳೆಯುವ ಪಟ್ಟಿ ಧರಿಸಿ ಪಂದ್ಯಗಳಲ್ಲಿ ಆಡಿದ್ದು 2016ರಲ್ಲಿ ಗಮನಕ್ಕೆ ಬಂದಾಗ ಲೀಗ್ ಅದನ್ನು ತಡೆಯಿತು.

ಮುಂದೆ 2017ರಲ್ಲಿ ಜಾರಿಗೆ ಬಂದ ಲೀಗ್ ಮತ್ತು ಆಟಗಾರರ ಸಂಘದ ನಡುವಣ ಸಾಮೂಹಿಕ ಒಪ್ಪಂದ ಈ ವಿಷಯಕ್ಕೆ ಸ್ಪಷ್ಟ ಚೌಕಟ್ಟು ಹಾಕಿತು. ಅದರ ಮುಖ್ಯಾಂಶಗಳು ಹೀಗಿದ್ದವು:

* ಯಾವ ಸಾಧನಗಳನ್ನು ಬಳಸಬಹುದು ಎಂಬುದನ್ನು ಎರಡೂ ಪಕ್ಷಗಳ ಪ್ರತಿನಿಧಿಗಳಿರುವ ಸಮಿತಿ ಪರಿಶೀಲಿಸಬೇಕು.
* ಅಭ್ಯಾಸದ ವೇಳೆ ಧರಿಸುವಂತೆ ತಂಡ ಕೋರಬಹುದು. ಒಪ್ಪುವುದು, ಬಿಡುವುದು, ಮಧ್ಯದಲ್ಲೇ ನಿಲ್ಲಿಸುವುದು ಆಟಗಾರನ ಇಚ್ಛೆ.
* ಸಾಧನ ಏನನ್ನು ಅಳೆಯುತ್ತದೆ, ಅದರ ಪ್ರಯೋಜನವೇನು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ತನ್ನ ಮಾಹಿತಿಯನ್ನು ನೋಡುವ ಹಕ್ಕು ಆಟಗಾರನಿಗಿದೆ.
* ಆ ಮಾಹಿತಿಯನ್ನು ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಬಳಸುವಂತಿಲ್ಲ. ಮೀರಿದ ತಂಡಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ.

ಬಲಿಷ್ಠ ಸಂಘಟನೆಯುಳ್ಳ ಕೋಟ್ಯಧೀಶ ಆಟಗಾರರಿಗೆ ಇಂಥ ರಕ್ಷಣೆ ದೊರೆಯಿತು. ಸಂಘಟನೆಯೇ ಇಲ್ಲದ ಕಾಲೇಜು, ಶಾಲೆಗಳ ಆಟಗಾರರ ಸ್ಥಿತಿ ಬೇರೆ. ಆಯ್ಕೆದಾರರು ಕೇಳಿದಾಗ 'ಒಲ್ಲೆ' ಎನ್ನುವ ಧೈರ್ಯ ಹದಿನಾರರ ಹುಡುಗನಿಗೆ ಎಲ್ಲಿಂದ ಬರಬೇಕು?

ನಮ್ಮ ಅಂಗಣಗಳಲ್ಲಿ

ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್‌ಗೆ ಹೊಸದಲ್ಲ. ಇಲ್ಲಿ 2017ರ ಜುಲೈನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ತಂಡ ಕಜಕಸ್ತಾನವನ್ನು 75-73ರಿಂದ ಮಣಿಸಿ ಮೇಲಿನ ವಿಭಾಗಕ್ಕೆ ಬಡ್ತಿ ಪಡೆದಿತ್ತು. 2019ರಲ್ಲಿಯೂ ಇದೇ ನಗರ ಆ ಟೂರ್ನಿಗೆ ಆತಿಥ್ಯ ನೀಡಿತು. ಇಂಥ ಟೂರ್ನಿಗಳು ಒಂದೇ ವಾರದಲ್ಲಿ ಮುಗಿಯುತ್ತವೆ. ದಿನ ಬಿಟ್ಟು ದಿನವೋ, ಬೆನ್ನುಬೆನ್ನಿಗೋ ಅಂಗಣಕ್ಕಿಳಿಯುವ ಆಟಗಾರ್ತಿಯರಲ್ಲಿ ಯಾರು ಎಷ್ಟು ಬಳಲಿದ್ದಾರೆ ಎಂದು ಅರಿಯುವುದು ಎರಡಂಕದ ಅಂತರದ ಫೈನಲ್‌ನಲ್ಲಿ ಸಣ್ಣ ಮಾತಲ್ಲ.

ಆದರೆ ರಾಜ್ಯದ ಬಹಳಷ್ಟು ಶಾಲೆ, ಕಾಲೇಜು, ಕ್ಲಬ್‌ಗಳ ಅಂಗಣಗಳು ಇಂದಿಗೂ ಬಯಲಿನ ಸಿಮೆಂಟು ನೆಲ. ಅಲ್ಲಿ ಅಲ್ಟ್ರಾ-ವೈಡ್‌ಬ್ಯಾಂಡ್ ಗ್ರಾಹಕಗಳ ಮಾತು ದೂರದ ಬೆಟ್ಟ. ಸಿಮೆಂಟು ನೆಲ ಮರದ ನೆಲದಂತೆ ಪೆಟ್ಟನ್ನು ಹೀರಿಕೊಳ್ಳದಾದ್ದರಿಂದ ಜಿಗಿತಗಳ ಲೆಕ್ಕ ಇಡಬೇಕಾದ ಅಗತ್ಯ ಅಲ್ಲಿಯೇ ಹೆಚ್ಚು ಎಂಬುದು ವಿಪರ್ಯಾಸ. ಒಂದು ನೋಟ್‌ಪುಸ್ತಕ, ದಿನಕ್ಕೊಂದು ಪ್ರಶ್ನೆ, ವಾರಕ್ಕೊಂದು ಮೊತ್ತ, ಜೊತೆಗೆ ನಿದ್ದೆ ಮತ್ತು ನೋವುಗಳ ಬಗ್ಗೆ ಒಂದು ಸಾಲು: ಇಷ್ಟರಿಂದಲೇ ಆರಂಭಿಸಬಹುದು. ಜಿಲ್ಲಾ ತಂಡ, ಶಾಲಾ ತಂಡ, ಕ್ಲಬ್ ತಂಡ ಎಂದು ಮೂರು ಕಡೆ ಆಡುವ ಮಗುವಿನ ಒಟ್ಟು ಹೊರೆ ಮೂವರು ತರಬೇತುದಾರರ ಪೈಕಿ ಒಬ್ಬರಿಗೂ ತಿಳಿಯದೇ ಹೋಗುವ ಅಪಾಯವನ್ನು ಆ ಪುಸ್ತಕವೇ ತಪ್ಪಿಸಬಲ್ಲದು.

ಸಂವೇದಕಗಳನ್ನು ಕೊಳ್ಳುವ ಶಕ್ತಿಯುಳ್ಳ ಅಕಾಡೆಮಿಗಳು ಕಾನೂನನ್ನೂ ಗಮನದಲ್ಲಿಡಬೇಕಾಗುತ್ತದೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವ್ಯಕ್ತಿಯ ಸಮ್ಮತಿಗೆ ಪ್ರಾಧಾನ್ಯ ನೀಡಿದೆ. ಹದಿನೆಂಟು ತುಂಬದವರ ಮಾಹಿತಿ ಸಂಗ್ರಹಿಸಲು ಪೋಷಕರ ದೃಢೀಕೃತ ಸಮ್ಮತಿ ಬೇಕೆನ್ನುತ್ತದೆ. ಮಗಳ ಬೆನ್ನಿನ ಮೇಲಿನ ಪುಟ್ಟ ಪೆಟ್ಟಿಗೆ ಏನನ್ನು ಬರೆದುಕೊಳ್ಳುತ್ತಿದೆ, ಆ ಬರಹ ಎಲ್ಲಿಗೆ ಹೋಗುತ್ತದೆ, ಯಾವಾಗ ಅಳಿಸಲಾಗುತ್ತದೆ ಎಂದು ಕೇಳುವುದು ತಂದೆತಾಯಿಯರ ಹಕ್ಕು.

ಸಂವೇದಕ ಆಟಗಾರನನ್ನು ಗುಣಪಡಿಸುವುದಿಲ್ಲ, ತರಬೇತುದಾರನ ವಿವೇಚನೆಗೆ ಬದಲಿಯೂ ಆಗುವುದಿಲ್ಲ. ಮಂಡಿ ನೋಯುತ್ತಿದೆ ಎಂದು ಹೇಳಿದರೆ ತಂಡದಿಂದ ಕೈಬಿಟ್ಟಾರೆಂಬ ಭಯದಿಂದ ಸುಮ್ಮನಿರುವ ಆಟಗಾರರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರ ಪರವಾಗಿ ಸಾಕ್ಷಿ ನುಡಿಯಲು ಸಾಧ್ಯವಾದರೆ ಮಾತ್ರ ಈ ಅಂಕಿಗಳು ಸಾರ್ಥಕ. ಅವರ ವಿರುದ್ಧ ಸಾಕ್ಷಿಯಾಗಿ ನಿಲ್ಲುವಂತಾದರೆ, ಉಪಕರಣ ಎಷ್ಟೇ ನಿಖರವಾಗಿದ್ದರೂ ಅದನ್ನು ತೊಡುವವನ ವಿಶ್ವಾಸವನ್ನು ಅದು ಗಳಿಸಲಾರದು.